ಒಂದೇ ಕಂಪ್ಯೂಟರಿನಲ್ಲಿ ಎರಡು ಡೆಸ್ಕ್‌ಟಾಪ್: ಅಪ್ಲಿಕೇಶನ್‌ಗಳನ್ನು ಹಂಚಿಕೊಳ್ಳಲು ಯಾವ ದಾರಿ ಹಿಡಿಯಬೇಕು?

ಗ್ನೋಮ್ ಎಂಬ ಡೆಸ್ಕ್‌ಟಾಪ್ (ಪರದೆಯ ಮೇಲಿನ ಮೆನು, ಕಿಟಕಿಗಳ ವ್ಯವಸ್ಥೆ) ಇರುವ ಲಿನಕ್ಸ್ ಕಂಪ್ಯೂಟರಿಗೆ ಕೆಡಿಇ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪನ್ನೂ ಹಾಕಿಕೊಳ್ಳಲು ಹೊರಟವರು ಮೊದಲು ಕೇಳುವುದು ಇದನ್ನೇ: "ಆ್ಯಪ್‌ಗಳನ್ನೆಲ್ಲ ಮತ್ತೆ ಇನ್‌ಸ್ಟಾಲ್ ಮಾಡಬೇಕಾ?" ಬೇಕಿಲ್ಲ. ಒಮ್ಮೆ ಹಾಕಿದ ಲಿಬ್ರೆಆಫೀಸ್ ಎರಡೂ ಡೆಸ್ಕ್‌ಟಾಪ್‌ಗಳ ಮೆನುವಿನಲ್ಲಿ ಕಾಣಿಸುತ್ತದೆ, ಎರಡರಲ್ಲೂ ಅದೇ ಕಡತಗಳನ್ನು ತೆರೆಯುತ್ತದೆ. ತೊಡಕು ಶುರುವಾಗುವುದು ಆಮೇಲೆ. ಅಪ್ಲಿಕೇಶನ್ ಜೊತೆಗೆ ಅದರ ಸೆಟ್ಟಿಂಗ್, ಥೀಮ್, ಪಾಸ್‌ವರ್ಡ್ ಪೆಟ್ಟಿಗೆ, ಲಾಗಿನ್ ಆದ ಕೂಡಲೇ ತಾನಾಗಿ ಓಡುವ ಚಿಕ್ಕಪುಟ್ಟ ಪ್ರೋಗ್ರಾಂಗಳು ಕೂಡ ಎರಡೂ ಕಡೆಗೆ ಸೇರಿಬಿಡುತ್ತವೆ, ಇವಕ್ಕೆ ಹೊಂದಿಕೊಂಡು ಬಾಳುವುದು ಬರುವುದಿಲ್ಲ. ಹಾಗಾಗಿ ನೀವು ನಿಜಕ್ಕೂ ತೀರ್ಮಾನಿಸಬೇಕಾದ್ದು ಎರಡು ಡೆಸ್ಕ್‌ಟಾಪ್‌ಗಳ ನಡುವೆ ಬೇಲಿ ಎಲ್ಲಿರಬೇಕು ಎಂಬುದನ್ನು. ಬೇಲಿಯೇ ಬೇಡವೇ, ಬಳಕೆದಾರ ಖಾತೆಯ ಮಟ್ಟದಲ್ಲಿ ಬೇಕೇ, ಡಿಸ್ಕ್ ಭಾಗದ ಮಟ್ಟದಲ್ಲಿ ಬೇಕೇ?

ಅಪ್ಲಿಕೇಶನ್ ಮೆನುವಿಗೆ ಬರುವುದು ಹೇಗೆ

ಪ್ಲಾಸ್ಮಾವನ್ನು ರೂಪಿಸುವ ಕೆಡಿಇ ಯೋಜನೆ ಶುರುವಾದದ್ದು 1996ರಲ್ಲಿ, ಗ್ನೋಮ್ 1997ರಲ್ಲಿ. ಕೆಡಿಇ ಕ್ಯೂಟಿ ಎಂಬ ಲೈಬ್ರರಿಯ (ಪ್ರೋಗ್ರಾಂ ಕಟ್ಟಲು ಬಳಸುವ ಸಿದ್ಧ ಕೋಡ್ ಸಂಗ್ರಹ) ಮೇಲೆ ನಿಂತಿದೆ, ಗ್ನೋಮ್ ಜಿಟಿಕೆ ಮೇಲೆ. ಇವೆರಡೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದಷ್ಟು ದೂರ ಸರಿಯಬಾರದೆಂದು 2000ದಲ್ಲಿ ಹೇವೋಕ್ ಪೆನ್ನಿಂಗ್ಟನ್ ಫ್ರೀಡೆಸ್ಕ್‌ಟಾಪ್ ಯೋಜನೆಯನ್ನು ಆರಂಭಿಸಿದರು. ಅಲ್ಲಿ ಮೂಡಿದ ಒಪ್ಪಂದಗಳಲ್ಲಿ ನಮಗೆ ದಿನವೂ ಉಪಕಾರ ಮಾಡುತ್ತಿರುವುದು ಡಾಟ್ ಡೆಸ್ಕ್‌ಟಾಪ್ ಎಂಬ ಪುಟ್ಟ ಪಠ್ಯ ಕಡತ. ಅಪ್ಲಿಕೇಶನ್ನಿನ ಹೆಸರು, ಐಕಾನ್, ಅದನ್ನು ಓಡಿಸುವ ಕಮಾಂಡ್, ಅದು ತೆರೆಯಬಲ್ಲ ಕಡತಗಳ ಬಗೆ, ಎಲ್ಲವೂ ಅದರಲ್ಲಿರುತ್ತವೆ. ಪ್ರೋಗ್ರಾಂಗಳನ್ನು ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರ್ ಈ ಕಡತವನ್ನು ಇಡೀ ಸಿಸ್ಟಮ್‌ಗೆ ಸೇರಿದ ಒಂದು ಫೋಲ್ಡರಿನಲ್ಲಿ ಇಡುತ್ತದೆ, ಎಲ್ಲ ಡೆಸ್ಕ್‌ಟಾಪ್‌ಗಳೂ ಅದೇ ಫೋಲ್ಡರನ್ನು ಓದಿ ತಮ್ಮ ಮೆನು ಕಟ್ಟಿಕೊಳ್ಳುತ್ತವೆ.

ಅದೇ ಕಡತದಲ್ಲಿ "ಓನ್ಲಿ ಶೋ ಇನ್", "ನಾಟ್ ಶೋ ಇನ್" ಎಂಬ ಎರಡು ಸಾಲುಗಳಿಗೂ ಜಾಗವಿದೆ. ಇದನ್ನು ಇಂಥ ಡೆಸ್ಕ್‌ಟಾಪಿನಲ್ಲಿ ಮಾತ್ರ ತೋರಿಸು, ಇಂಥದರಲ್ಲಿ ತೋರಿಸಬೇಡ ಎಂದು ಹೇಳುವ ಸಾಲುಗಳಿವು. ಗ್ನೋಮ್‌ನ ಸೆಟ್ಟಿಂಗ್ಸ್ ಪ್ಲಾಸ್ಮಾ ಮೆನುವಿನಲ್ಲಿ ಕಾಣದಿರುವುದಕ್ಕೆ ಈ ಸಾಲೇ ಕಾರಣ. ಇದನ್ನು ನೆನಪಿನಲ್ಲಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಬೇಕಾದ್ದು ಡೆಸ್ಕ್‌ಟಾಪೋ, ಅದರ ಒಂದು ಅಪ್ಲಿಕೇಶನ್ನೋ?

ದಾರಿಗಳನ್ನು ತೂಗುವ ಮೊದಲು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಳ್ಳಿ. ಎರಡನೇ ಡೆಸ್ಕ್‌ಟಾಪ್ ಯಾಕೆ ಬೇಕು ಎಂದು ಕೇಳಿದಾಗ ನನ್ನ ಬಳಗದ ಅರ್ಧದಷ್ಟು ಜನ ಹೇಳಿದ್ದು "ಓಕ್ಯುಲರ್ ಇಷ್ಟ," "ಕೆಡೆನ್‌ಲೈವ್ ಬೇಕು," "ಡಾಲ್ಫಿನ್‌ನಲ್ಲಿ ಪರದೆಯನ್ನು ಎರಡು ಭಾಗ ಮಾಡಬಹುದು" ಎಂಬಂಥ ಕಾರಣಗಳನ್ನು. ಓಕ್ಯುಲರ್ ಪಿಡಿಎಫ್ ಓದಲು, ಕೆಡೆನ್‌ಲೈವ್ ವಿಡಿಯೊ ಸಂಕಲನಕ್ಕೆ, ಡಾಲ್ಫಿನ್ ಕಡತಗಳನ್ನು ನೋಡಲು ಇರುವ ಕೆಡಿಇಯ ಅಪ್ಲಿಕೇಶನ್‌ಗಳು. ಇವರಿಗೆಲ್ಲ ಎರಡನೇ ಡೆಸ್ಕ್‌ಟಾಪೇ ಬೇಕಾಗಿಲ್ಲ. ಓಕ್ಯುಲರನ್ನು ಗ್ನೋಮ್‌ನಲ್ಲೇ ಹಾಕಿಕೊಳ್ಳಬಹುದು, ಅದಕ್ಕೆ ಬೇಕಾದ ಕ್ಯೂಟಿ ಮತ್ತು ಕೆಡಿಇ ಲೈಬ್ರರಿಗಳನ್ನು ಪ್ಯಾಕೇಜ್ ಮ್ಯಾನೇಜರ್ ತಾನೇ ತರುತ್ತದೆ. ಒಂದು ಪಿಡಿಎಫ್ ಓದುವ ಪ್ರೋಗ್ರಾಂಗಾಗಿ ಇಡೀ ಪ್ಲಾಸ್ಮಾ ಹಾಕುವುದೆಂದರೆ ಮೂಗಿಗಿಂತ ಮೂಗುತಿ ಭಾರ.

ಹೀಗೆ ಒಂಟಿ ಅಪ್ಲಿಕೇಶನ್ ತಂದಾಗ ಎರಡು ಸಣ್ಣ ಕೊರತೆಗಳು ಎದುರಾಗಬಹುದು. ಕೆಲವು ಬಟನ್‌ಗಳ ಮೇಲೆ ಚಿತ್ರವೇ ಇರುವುದಿಲ್ಲ. ಕೆಡಿಇಯ ಬ್ರೀಜ್ ಐಕಾನ್‌ಗಳ ಪ್ಯಾಕೇಜ್ ಹಾಕಿದರೆ ಬರುತ್ತದೆ. ಇನ್ನೊಂದು, ಬಣ್ಣ ಮತ್ತು ಅಕ್ಷರದ ಗಾತ್ರ ಉಳಿದವುಗಳಿಗೆ ಹೊಂದುವುದಿಲ್ಲ. ಇದನ್ನು ಸರಿಪಡಿಸಲು ಕ್ಯೂಟಿಯ ಥೀಮ್ ಆರಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್ (ಎಲ್ಲ ಪ್ರೋಗ್ರಾಂಗಳೂ ಓದುವ ಸೆಟ್ಟಿಂಗ್) ಒಂದನ್ನು ಇಡೀ ಸಿಸ್ಟಮ್‌ಗೆ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಮುಂದೆಂದಾದರೂ ಪ್ಲಾಸ್ಮಾವನ್ನೂ ಹಾಕುವ ಯೋಚನೆ ಇದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಆ ವೇರಿಯಬಲ್ ಪ್ಲಾಸ್ಮಾದೊಳಗೂ ಜಾರಿಯಲ್ಲಿರುತ್ತದೆ, ಆಗ ಪ್ಲಾಸ್ಮಾ ತನ್ನದೇ ಅಪ್ಲಿಕೇಶನ್‌ಗಳ ಮೇಲಿನ ಹಿಡಿತ ಕಳೆದುಕೊಂಡು ಬಣ್ಣಗೆಡುತ್ತದೆ. ನೋಟ ಸ್ವಲ್ಪ ಬೇರೆಯಾಗಿದ್ದರೂ ಪರವಾಗಿಲ್ಲ ಎಂದು ಬಿಟ್ಟುಬಿಡುವುದೇ ಲೇಸು.

ದಾರಿ ಒಂದು: ಒಂದೇ ಖಾತೆ, ಎರಡು ಸೆಷನ್

ಬಹುಪಾಲು ಜನ ಹಿಡಿಯುವ ದಾರಿ ಇದು. ಎರಡನೇ ಡೆಸ್ಕ್‌ಟಾಪನ್ನು ಇನ್‌ಸ್ಟಾಲ್ ಮಾಡುತ್ತೀರಿ, ಲಾಗಿನ್ ಪರದೆಯಲ್ಲಿ ಯಾವುದು ಬೇಕೋ ಅದನ್ನು ಆರಿಸಿ ಒಳಗೆ ಹೋಗುತ್ತೀರಿ. ಅಪ್ಲಿಕೇಶನ್, ಕಡತ, ಬ್ರೌಸರಿನ ಬುಕ್‌ಮಾರ್ಕ್, ಮೇಲ್ ಎಲ್ಲವೂ ಎರಡೂ ಕಡೆ ಅವೇ. ಹಂಚಿಕೆಯ ದೃಷ್ಟಿಯಿಂದ ಇದಕ್ಕಿಂತ ಸಂಪೂರ್ಣವಾದದ್ದು ಇಲ್ಲ. ಬೇಲಿಯೇ ಇಲ್ಲದಿರುವುದು ಇದರ ಬಲ, ಅದೇ ಇದರ ದೌರ್ಬಲ್ಯ ಕೂಡ.

ಮೊದಲು ಕಣ್ಣಿಗೆ ಬೀಳುವುದು ನೋಟದ ಗೊಂದಲ. ಪ್ಲಾಸ್ಮಾ ಒಳ್ಳೆಯ ಉದ್ದೇಶದಿಂದಲೇ ಒಂದು ಕೆಲಸ ಮಾಡುತ್ತದೆ: ಜಿಟಿಕೆ ಅಪ್ಲಿಕೇಶನ್‌ಗಳು ತನ್ನಲ್ಲಿ ಹೊರಗಿನವರಂತೆ ಕಾಣಬಾರದೆಂದು ಅವುಗಳ ಥೀಮ್, ಐಕಾನ್, ಫಾಂಟ್, ಮೌಸ್ ಬಾಣದ ಆಕಾರವನ್ನು ತನ್ನ ಪ್ರಕಾರ ಬರೆದಿಡುತ್ತದೆ. ಬರೆದಿಡುವುದು ಮಾತ್ರ ಗ್ನೋಮ್ ಓದುವ ಜಾಗದಲ್ಲೇ. ಮರುದಿನ ಗ್ನೋಮ್‌ಗೆ ಲಾಗಿನ್ ಆದರೆ ಐಕಾನ್‌ಗಳು ಬದಲಾಗಿರುತ್ತವೆ, ಫಾಂಟ್ ಬದಲಾಗಿರುತ್ತದೆ, ಏನು ಕೆಟ್ಟಿತೋ ಎಂದು ಗಾಬರಿಯಾಗುತ್ತದೆ. ಕೆಟ್ಟಿರುವುದಿಲ್ಲ. ಪ್ಲಾಸ್ಮಾದ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆ ಸೇವೆಗಳ ಪಟ್ಟಿಯಿದೆ, ಅದರಲ್ಲಿ ಗ್ನೋಮ್ ಮತ್ತು ಜಿಟಿಕೆ ಸೆಟ್ಟಿಂಗ್‌ಗಳನ್ನು ಹೊಂದಿಸುವ ಸೇವೆಯನ್ನು ನಿಲ್ಲಿಸಿದರೆ ಈ ಕಾಟ ತಪ್ಪುತ್ತದೆ. ಆಮೇಲೆ ಗ್ನೋಮ್‌ಗೆ ಬಂದು ನಿಮ್ಮ ಥೀಮ್ ಮತ್ತು ಫಾಂಟನ್ನು ಒಮ್ಮೆ ಮತ್ತೆ ಆರಿಸಿಕೊಳ್ಳಬೇಕು, ಅಷ್ಟೇ.

ಎರಡನೆಯದು ಹೆಚ್ಚು ನೋವು ಕೊಡುವಂಥದ್ದು: ಪಾಸ್‌ವರ್ಡ್‌ಗಳು. ಗ್ನೋಮ್‌ಗೆ ಗ್ನೋಮ್ ಕೀರಿಂಗ್ ಇದೆ, ಕೆಡಿಇಗೆ ಕೆವ್ಯಾಲೆಟ್ ಇದೆ. ಎರಡೂ ಬೀಗ ಹಾಕಿದ ಪೆಟ್ಟಿಗೆಗಳೇ, ಆದರೆ ಬೇರೆ ಬೇರೆ ಪೆಟ್ಟಿಗೆಗಳು. ಕ್ರೋಮ್‌ನಂಥ ಕ್ರೋಮಿಯಂ ಆಧಾರಿತ ಬ್ರೌಸರ್‌ಗಳು ತಾವು ಯಾವ ಡೆಸ್ಕ್‌ಟಾಪಿನಲ್ಲಿ ಓಡುತ್ತಿದ್ದೇವೆ ಎಂದು ನೋಡಿ, ಪಾಸ್‌ವರ್ಡ್ ಮತ್ತು ಕುಕಿಗಳನ್ನು ಬಿಚ್ಚುವ ಕೀಲಿಯನ್ನು ಅಲ್ಲಿನ ಪೆಟ್ಟಿಗೆಯಲ್ಲಿ ಇಡುತ್ತವೆ. ಡೆಸ್ಕ್‌ಟಾಪ್ ಬದಲಾದರೆ ಅವು ಬೇರೆ ಪೆಟ್ಟಿಗೆಯಲ್ಲಿ ಹುಡುಕುತ್ತವೆ, ಹಳೆಯ ಕೀಲಿ ಅಲ್ಲಿ ಸಿಗುವುದಿಲ್ಲ. ಫಲವಾಗಿ ಎಲ್ಲ ಜಾಲತಾಣಗಳಿಂದಲೂ ಲಾಗ್‌ಔಟ್ ಆಗಿರುತ್ತೀರಿ, ಉಳಿಸಿಟ್ಟ ಪಾಸ್‌ವರ್ಡ್‌ಗಳು ಮಾಯವಾದಂತೆ ಕಾಣುತ್ತವೆ. ನನಗೆ ಹೀಗೆ ಆದ ದಿನ, ಎಲ್ಲವೂ ಅಳಿಸಿಹೋಯಿತೆಂದು ನಂಬಿ ಬ್ರೌಸರಿನ ಪ್ರೊಫೈಲನ್ನೇ ಅಳಿಸಿ ಹೊಸದಾಗಿ ಶುರುಮಾಡಿದೆ. ಆ ಅವಸರ ಬೇಕಿರಲಿಲ್ಲ. ಹಳೆಯ ಡೆಸ್ಕ್‌ಟಾಪಿಗೆ ಹಿಂದಿರುಗಿದ್ದರೆ ಪಾಸ್‌ವರ್ಡ್‌ಗಳು ಇದ್ದಲ್ಲೇ ಸಿಗುತ್ತಿದ್ದವು. ನೀವು ಆ ತಪ್ಪು ಮಾಡಬೇಡಿ. ಪರಿಹಾರವೂ ಸುಲಭ: ಬ್ರೌಸರನ್ನು ಓಡಿಸುವ ಕಮಾಂಡಿಗೆ "ಪಾಸ್‌ವರ್ಡ್ ಸ್ಟೋರ್" ಎಂಬ ಆಯ್ಕೆ ಸೇರಿಸಿ, ಎರಡೂ ಡೆಸ್ಕ್‌ಟಾಪಿನಲ್ಲಿ ಒಂದೇ ಪೆಟ್ಟಿಗೆಯನ್ನು ಬಳಸುವಂತೆ ಹೇಳಬಹುದು. ಫೈರ್‌ಫಾಕ್ಸ್ ಈ ಪೆಟ್ಟಿಗೆಗಳನ್ನು ನಂಬಿಕೊಂಡಿಲ್ಲ, ಪಾಸ್‌ವರ್ಡ್‌ಗಳನ್ನು ತನ್ನ ಪ್ರೊಫೈಲಿನಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಎರಡು ಡೆಸ್ಕ್‌ಟಾಪ್ ಬಳಸುವವರಿಗೆ ಅದು ತಲೆನೋವು ಕಡಿಮೆ ಇರುವ ಬ್ರೌಸರ್.

ಮೂರನೆಯದು ಪೋರ್ಟಲ್. ಹೆಸರು ಕೇಳಿಲ್ಲದಿದ್ದರೂ ಇದರ ಪರಿಣಾಮ ನೋಡಿರುತ್ತೀರಿ. ಫೈಲ್ ಆರಿಸುವ ಕಿಟಕಿ ತೋರಿಸುವುದು, ಪರದೆ ಹಂಚಿಕೊಳ್ಳಲು ಅನುಮತಿ ಕೇಳುವುದು ಇಂಥ ಕೆಲಸಗಳನ್ನು ಅಪ್ಲಿಕೇಶನ್‌ಗಳ ಪರವಾಗಿ ಮಾಡುವ ಸೇವೆ ಇದು. ಗ್ನೋಮ್‌ಗೆ ಒಂದು, ಕೆಡಿಇಗೆ ಒಂದು, ಬರೀ ಜಿಟಿಕೆಗೆ ಒಂದು ಎಂದು ಇದಕ್ಕೆ ಬೇರೆ ಬೇರೆ ಹಿಂಬದಿಗಳಿವೆ, ಅಂದರೆ ಹಿಂದೆ ನಿಂತು ನಿಜವಾದ ಕೆಲಸ ಮಾಡುವ ಭಾಗಗಳಿವೆ. ಎಲ್ಲವೂ ಒಟ್ಟಿಗೆ ಇನ್‌ಸ್ಟಾಲ್ ಆಗಿದ್ದು, ತಪ್ಪಾದುದು ಎಚ್ಚರಗೊಂಡು ಉತ್ತರ ಕೊಡದೆ ಕುಳಿತರೆ ಅಪ್ಲಿಕೇಶನ್ ತೆರೆಯುವುದೇ ಇಲ್ಲ. ಕಾಯಿಸಿ ಕಾಯಿಸಿ, ಸುಮಾರು 25 ಸೆಕೆಂಡ್ ಆದ ಮೇಲೆ ಒಮ್ಮೆಲೇ ತೆರೆದುಕೊಳ್ಳುತ್ತದೆ. ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಡಿ-ಬಸ್ ವ್ಯವಸ್ಥೆಯಲ್ಲಿ ಉತ್ತರಕ್ಕಾಗಿ ಕಾಯುವ ಮಾಮೂಲಿ ಅವಧಿ ಅಷ್ಟೇ ಇರುವುದು. ಹೊಸ ಡೆಸ್ಕ್‌ಟಾಪ್ ಹಾಕಿದ ಮೇಲೆ ಅಪ್ಲಿಕೇಶನ್‌ಗಳು ಹೀಗೆ ನಿಧಾನವಾದರೆ ಯಂತ್ರವನ್ನು ಬೈಯುವ ಮೊದಲು ಪೋರ್ಟಲನ್ನು ಅನುಮಾನಿಸಿ. 2023ರಲ್ಲಿ ಬಂದ ಪೋರ್ಟಲಿನ 1.18ನೇ ಆವೃತ್ತಿಯಿಂದ, ಯಾವ ಡೆಸ್ಕ್‌ಟಾಪಿನಲ್ಲಿ ಯಾವ ಹಿಂಬದಿ ಎಂದು ಒಂದು ಸೆಟ್ಟಿಂಗ್ ಕಡತದಲ್ಲಿ ಸ್ಪಷ್ಟವಾಗಿ ಬರೆದಿಡಲು ಅವಕಾಶವಿದೆ. ಹಾಗಾಗಿ ಹೊಸ ಡಿಸ್ಟ್ರೋಗಳಲ್ಲಿ (ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆಗಳಲ್ಲಿ) ಈ ಸಮಸ್ಯೆ ಬಗೆಹರಿಸುವುದು ಮೊದಲಿಗಿಂತ ಸುಲಭ.

ಉಳಿದವು ಸಣ್ಣವು. ನೀವೇ ಆಟೋಸ್ಟಾರ್ಟ್‌ಗೆ (ಲಾಗಿನ್ ಆದ ಕೂಡಲೇ ಓಡುವವುಗಳ ಪಟ್ಟಿಗೆ) ಸೇರಿಸಿದ ಪ್ರೋಗ್ರಾಂಗಳು ಎರಡೂ ಕಡೆ ಓಡುತ್ತವೆ, ಆಗ ಎರಡೆರಡು ಕ್ಲಿಪ್‌ಬೋರ್ಡ್ ಐಕಾನ್ ಕಾಣುವುದುಂಟು. ಆ ಪ್ರೋಗ್ರಾಂನ ಡಾಟ್ ಡೆಸ್ಕ್‌ಟಾಪ್ ಕಡತಕ್ಕೆ ಮೊದಲೇ ಹೇಳಿದ "ಓನ್ಲಿ ಶೋ ಇನ್" ಸಾಲು ಸೇರಿಸಿದರೆ ಮುಗಿಯಿತು. ಪಿಡಿಎಫ್ ಅನ್ನು ಒಂದು ಕಡೆ ಓಕ್ಯುಲರ್, ಇನ್ನೊಂದು ಕಡೆ ಗ್ನೋಮ್‌ನ ಓದುಗ ತೆರೆಯಬೇಕೆಂದಿದ್ದರೆ ಅದಕ್ಕೂ ದಾರಿಯಿದೆ. ಡೀಫಾಲ್ಟ್ ಅಪ್ಲಿಕೇಶನ್‌ಗಳ ಪಟ್ಟಿಯ ಕಡತದ ಹೆಸರಿನ ಮುಂದೆ ಡೆಸ್ಕ್‌ಟಾಪಿನ ಹೆಸರು ಸೇರಿಸಿ ಇನ್ನೊಂದು ಪಟ್ಟಿ ಮಾಡಿಟ್ಟರೆ, ಆ ಡೆಸ್ಕ್‌ಟಾಪಿನಲ್ಲಿ ಅದರ ಮಾತೇ ಮೊದಲು ನಡೆಯುತ್ತದೆ.

ಇಷ್ಟೆಲ್ಲ ಹೇಳಿದ್ದು ಗ್ನೋಮ್ ಮತ್ತು ಪ್ಲಾಸ್ಮಾ ಜೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಎಲ್ಲ ಜೋಡಿಗಳೂ ಇಷ್ಟು ಜಗಳಗಂಟಿಯಲ್ಲ. ಸಿನಮನ್ ಮತ್ತು ಮಾಟೆ ಎಂಬ ಡೆಸ್ಕ್‌ಟಾಪ್‌ಗಳು ತಮ್ಮ ಸೆಟ್ಟಿಂಗ್‌ಗಳನ್ನು ಬಹುಮಟ್ಟಿಗೆ ತಂತಮ್ಮ ಹೆಸರಿನಲ್ಲೇ ಇಟ್ಟುಕೊಳ್ಳುತ್ತವೆ, ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪಿಗೂ ತನ್ನದೇ ಸೆಟ್ಟಿಂಗ್ ಸಂಗ್ರಹವಿದೆ. ಮೂರೂ ಜಿಟಿಕೆ ಬಳಗದವೇ. ಎಕ್ಸ್‌ಎಫ್‌ಸಿಇ ಜೊತೆ ಸಿನಮನ್, ಅಥವಾ ಗ್ನೋಮ್ ಜೊತೆ ಎಕ್ಸ್‌ಎಫ್‌ಸಿಇ ಇಡುವವರು ಒಂದೇ ಖಾತೆಯಲ್ಲಿ ನೆಮ್ಮದಿಯಾಗಿ ಇರಬಹುದು. ಅವರಿಗೆ ನಾನು ಬೇರೆ ದಾರಿ ಸೂಚಿಸುವುದೇ ಇಲ್ಲ.

ದಾರಿ ಎರಡು: ಡೆಸ್ಕ್‌ಟಾಪಿಗೊಂದು ಖಾತೆ

ಗ್ನೋಮ್ ಮತ್ತು ಪ್ಲಾಸ್ಮಾ ಎರಡನ್ನೂ ದೀರ್ಘಕಾಲ ಇಟ್ಟುಕೊಳ್ಳುವವರಿಗೆ ನನ್ನ ಆಯ್ಕೆ ಇದು. ಪ್ಲಾಸ್ಮಾಗೆಂದೇ ಇನ್ನೊಂದು ಬಳಕೆದಾರ ಖಾತೆ ತೆರೆಯಿರಿ. ಪ್ಯಾಕೇಜ್ ಮ್ಯಾನೇಜರಿನಿಂದ ಹಾಕಿದ ಅಪ್ಲಿಕೇಶನ್‌ಗಳು ಇಡೀ ಸಿಸ್ಟಮ್‌ಗೆ ಸೇರಿದವಾದ್ದರಿಂದ ಹೊಸ ಖಾತೆಯಲ್ಲೂ ಮೊದಲ ದಿನದಿಂದಲೇ ಸಿದ್ಧವಾಗಿರುತ್ತವೆ, ಡಿಸ್ಕಿನಲ್ಲಿ ಎರಡನೇ ಪ್ರತಿ ಇರುವುದಿಲ್ಲ. ಸೆಟ್ಟಿಂಗ್, ಥೀಮ್, ಪಾಸ್‌ವರ್ಡ್ ಪೆಟ್ಟಿಗೆ, ಆಟೋಸ್ಟಾರ್ಟ್ ಮಾತ್ರ ಪೂರ್ತಿ ಬೇರೆ. ಮೇಲೆ ಹೇಳಿದ ಥೀಮ್ ಮತ್ತು ಪಾಸ್‌ವರ್ಡ್ ಜಗಳಗಳು ಹುಟ್ಟುವುದೇ ಇಲ್ಲ.

ಇನ್ನೊಂದು ಲಾಭ ಬೇಗ ಹೊಳೆಯುವುದಿಲ್ಲ. ಎರಡು ಖಾತೆಗಳಿದ್ದರೆ ಎರಡೂ ಡೆಸ್ಕ್‌ಟಾಪ್‌ಗಳು ಏಕಕಾಲಕ್ಕೆ ಜೀವಂತವಾಗಿರಬಹುದು, ಲಾಗ್‌ಔಟ್ ಆಗದೆ ಬಳಕೆದಾರರನ್ನು ಬದಲಿಸುತ್ತಾ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಒಂದೇ ಖಾತೆಯಿಂದ ಎರಡು ಸೆಷನ್‌ಗಳನ್ನು ಒಟ್ಟಿಗೆ ತೆರೆಯಲು ಹೋದರೆ ಹಾಗಾಗುವುದಿಲ್ಲ. ಇಂದಿನ ಬಹುತೇಕ ಡಿಸ್ಟ್ರೋಗಳಲ್ಲಿ ಬಳಕೆದಾರನೊಬ್ಬನಿಗೆ ಹಿನ್ನೆಲೆ ಸೇವೆಗಳ ಬಳಗ ಒಂದೇ ಇರುತ್ತದೆ, ಎರಡು ಡೆಸ್ಕ್‌ಟಾಪ್‌ಗಳು ಅದನ್ನು ಎರಡು ಕಡೆ ಎಳೆದಾಡಿ ಎರಡೂ ಕೆಡುತ್ತವೆ.

ಬೆಲೆ ಏನು? ಬ್ರೌಸರ್, ಮೇಲ್ ಎರಡನ್ನೂ ಎರಡೆರಡು ಸಲ ಹೊಂದಿಸಬೇಕು. ಕಡತಗಳನ್ನು ಹಂಚಿಕೊಳ್ಳಲು ಸ್ವಲ್ಪ ಶ್ರಮ ಪಡಬೇಕು. ಫೆಡೋರಾದಲ್ಲೂ ಈಚಿನ ಉಬುಂಟುವಿನಲ್ಲೂ ಒಬ್ಬರ ಹೋಮ್ ಫೋಲ್ಡರಿನೊಳಗೆ (ಬಳಕೆದಾರರ ಸ್ವಂತ ಕಡತ, ಸೆಟ್ಟಿಂಗ್‌ಗಳಿರುವ ಜಾಗ) ಇನ್ನೊಬ್ಬರು ಇಣುಕಲು ಆಗುವುದಿಲ್ಲ, ಇದು ಒಳ್ಳೆಯದೇ. ಹಾಗಾಗಿ ಎರಡೂ ಹೋಮ್ ಫೋಲ್ಡರ್‌ಗಳ ಹೊರಗೆ ಒಂದು ಸಾಮಾನ್ಯ ಫೋಲ್ಡರ್ ಮಾಡಿ. ಎರಡೂ ಖಾತೆಗಳನ್ನು ಒಂದು ಗುಂಪಿಗೆ ಸೇರಿಸಿ ಫೋಲ್ಡರನ್ನು ಆ ಗುಂಪಿನ ಹೆಸರಿಗೆ ಕೊಡಿ. ಅದಕ್ಕೆ 2770 ಎಂಬ ಅನುಮತಿ ಹಾಕಿ. ಮೊದಲಿನ 2 ಎಂಬ ಅಂಕಿಯಿಂದಾಗಿ ಒಳಗೆ ಹುಟ್ಟುವ ಪ್ರತಿ ಕಡತವೂ ಅದೇ ಗುಂಪಿಗೆ ಸೇರುತ್ತದೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ, ಒಬ್ಬರು ಮಾಡಿದ ಕಡತವನ್ನು ಇನ್ನೊಬ್ಬರು ಓದಬಹುದು, ಬದಲಿಸಲಾಗದೆ ಹೋಗಬಹುದು. ಅದಕ್ಕೆ ಎಸಿಎಲ್ ಎಂಬ ವಿಸ್ತೃತ ಅನುಮತಿಯ ಮೂಲಕ "ಇಲ್ಲಿ ಹುಟ್ಟುವ ಎಲ್ಲಕ್ಕೂ ಗುಂಪಿಗೆ ಬರೆಯುವ ಹಕ್ಕಿರಲಿ" ಎಂಬ ಡೀಫಾಲ್ಟ್ ನಿಯಮ ಹಾಕಬೇಕು. ಮತ್ತೊಂದು ಎಚ್ಚರ: ಹೋಮ್ ಫೋಲ್ಡರಿನಿಂದ ಕಡತವನ್ನು ಅಲ್ಲಿಗೆ ಕಟ್ ಮಾಡಿ ಸರಿಸಿದರೆ ಅದು ತನ್ನ ಹಳೆಯ ಅನುಮತಿಗಳನ್ನೇ ಹೊತ್ತು ಬರುತ್ತದೆ. ಕಾಪಿ ಮಾಡಿದರೆ ಹೊಸ ನಿಯಮಕ್ಕೆ ಒಳಪಡುತ್ತದೆ. "ಯಾಕೋ ಈ ಒಂದು ಫೈಲ್ ಮಾತ್ರ ಸೇವ್ ಆಗ್ತಿಲ್ಲ" ಎಂಬ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಹೋಮ್ ಫೋಲ್ಡರಿನೊಳಗೇ ಇನ್‌ಸ್ಟಾಲ್ ಆದವು ಇನ್ನೊಂದು ಖಾತೆಗೆ ಕಾಣುವುದಿಲ್ಲ ಎಂಬುದೂ ಗೊತ್ತಿರಲಿ. ಬಳಕೆದಾರ ಮಟ್ಟದಲ್ಲಿ ಹಾಕಿದ ಫ್ಲಾಟ್‌ಪ್ಯಾಕ್‌ಗಳು (ಇವುಗಳ ವಿವರ ಮುಂದಿದೆ), ಹೋಮ್‌ನಲ್ಲಿಟ್ಟ ಆ್ಯಪ್‌ಇಮೇಜ್‌ಗಳು (ಒಂದೇ ಕಡತವಾಗಿ ಬರುವ ಅಪ್ಲಿಕೇಶನ್‌ಗಳು) ಈ ಸಾಲಿಗೆ ಸೇರುತ್ತವೆ. ವೈನ್ ಮೂಲಕ ವಿಂಡೋಸ್ ಪ್ರೋಗ್ರಾಂ ಓಡಿಸುವವರು ಎರಡೂ ಖಾತೆಗಳಿಂದ ಒಂದೇ ವೈನ್ ಫೋಲ್ಡರ್ ಬಳಸಲು ಹೋಗಬೇಡಿ. ತನ್ನ ಒಡೆತನದಲ್ಲಿಲ್ಲದ ಫೋಲ್ಡರನ್ನು ವೈನ್ ಮುಟ್ಟುವುದಿಲ್ಲ.

ಫ್ಲಾಟ್‌ಪ್ಯಾಕ್ ಎಲ್ಲಿ ಹೊಂದುತ್ತದೆ

ಇದು ಬೇರೆಯೇ ದಾರಿ ಎನ್ನುವುದಕ್ಕಿಂತ ಮೇಲಿನ ಎರಡಕ್ಕೂ ಜೊತೆಯಾಗುವಂಥದ್ದು. ಫ್ಲಾಟ್‌ಪ್ಯಾಕ್ ಅಪ್ಲಿಕೇಶನ್ ತನಗೆ ಬೇಕಾದ ಲೈಬ್ರರಿಗಳನ್ನು ರನ್‌ಟೈಮ್ ಎಂಬ ರೂಪದಲ್ಲಿ ತರುತ್ತದೆ. ಫ್ರೀಡೆಸ್ಕ್‌ಟಾಪ್, ಗ್ನೋಮ್, ಕೆಡಿಇ ಎಂಬ ಮೂರು ರನ್‌ಟೈಮ್‌ಗಳು ಮುಖ್ಯವಾದವು. ಹೀಗಾಗಿ ಗ್ನೋಮ್‌ನಲ್ಲಿ ಕೆಡಿಇಯ ಚಿತ್ರ ಬಿಡಿಸುವ ಪ್ರೋಗ್ರಾಂ ಕೃತಾ ಹಾಕಿದರೂ ಕೆಡಿಇಯ ಲೈಬ್ರರಿಗಳು ನಿಮ್ಮ ಮೂಲ ಸಿಸ್ಟಮ್‌ಗೆ ಬೆರೆಯುವುದಿಲ್ಲ. ಸೆಟ್ಟಿಂಗ್‌ಗಳು ಕೂಡ ಪ್ರತಿ ಅಪ್ಲಿಕೇಶನ್ನಿಗೆ ಬೇರೆಯಾದ ಫೋಲ್ಡರಿನಲ್ಲಿ ಕೂರುತ್ತವೆ. ಎರಡು ಖಾತೆ ಇಟ್ಟುಕೊಂಡವರು ಸಿಸ್ಟಮ್ ಮಟ್ಟದಲ್ಲೇ ಹಾಕಿ, ಆಗ ಒಂದೇ ಪ್ರತಿ ಎರಡೂ ಖಾತೆಗೆ ಸಾಕಾಗುತ್ತದೆ.

ತೊಂದರೆ ಜಾಗದ್ದು ಮತ್ತು ನೋಟದ್ದು. ಮೊದಲ ಅಪ್ಲಿಕೇಶನ್ ಹಾಕುವಾಗ ನೂರಾರು ಎಂಬಿಯ ರನ್‌ಟೈಮ್ ಇಳಿಯುತ್ತದೆ. ನಂತರದವು ಅದೇ ರನ್‌ಟೈಮನ್ನು ಹಂಚಿಕೊಂಡರೂ, ಬೇರೆ ಬೇರೆ ಆವೃತ್ತಿಯ ರನ್‌ಟೈಮ್ ಕೇಳುವ ಅಪ್ಲಿಕೇಶನ್‌ಗಳು ಸೇರಿದಂತೆ ಡಿಸ್ಕ್ ತುಂಬುತ್ತದೆ. ನಿಮ್ಮ ಸಿಸ್ಟಮ್ ಥೀಮ್ ಒಳಗೆ ತಲುಪದೆಯೂ ಇರಬಹುದು. ಪೋರ್ಟಲ್ ಸರಿಯಿಲ್ಲದಿದ್ದರೆ ಫ್ಲಾಟ್‌ಪ್ಯಾಕ್‌ಗಳು ಉಳಿದವಕ್ಕಿಂತ ಹೆಚ್ಚು ನರಳುತ್ತವೆ, ಏಕೆಂದರೆ ಹೊರಗಿನ ಕಡತಗಳಿಗೆ ಅವುಗಳ ಬಾಗಿಲೇ ಅದು.

ದಾರಿ ಮೂರು: ಎರಡು ಡಿಸ್ಟ್ರೋ, ಒಂದೇ ಹೋಮ್

ಬೇಡ. ಒಂದು ಡಿಸ್ಕ್ ಭಾಗದಲ್ಲಿ ಗ್ನೋಮ್ ಇರುವ ಡಿಸ್ಟ್ರೋ, ಇನ್ನೊಂದರಲ್ಲಿ ಪ್ಲಾಸ್ಮಾ ಇರುವ ಡಿಸ್ಟ್ರೋ, ಎರಡಕ್ಕೂ ಒಂದೇ ಹೋಮ್ ಎಂಬ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಅಪ್ಲಿಕೇಶನ್‌ಗಳು ಹಂಚಿಕೆಯಾಗುವುದಿಲ್ಲ, ಎರಡೂ ಕಡೆ ಹಾಕಬೇಕು. ಕಡತಗಳ ಜೊತೆಗೆ ಹಂಚಿಕೆಯಾಗುವುದು ಸೆಟ್ಟಿಂಗ್, ಅಂದರೆ ಹಂಚಿಕೊಳ್ಳಬಾರದ್ದೇ. ಎರಡು ಡಿಸ್ಟ್ರೋಗಳಲ್ಲಿ ಅದೇ ಅಪ್ಲಿಕೇಶನ್ನಿನ ಆವೃತ್ತಿ ಬೇರೆಯಾಗಿರುತ್ತದೆ. ಹೊಸದು ತನ್ನ ದತ್ತಾಂಶವನ್ನು ಹೊಸ ರೂಪಕ್ಕೆ ಬದಲಿಸಿಟ್ಟರೆ ಹಳೆಯದಕ್ಕೆ ಅದು ಅರ್ಥವಾಗುವುದಿಲ್ಲ. 2019ರಲ್ಲಿ ಬಂದ ಫೈರ್‌ಫಾಕ್ಸ್ 67ರಿಂದ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಅದು ಒಪ್ಪುವುದಿಲ್ಲ, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. ಹೀಗೆ ಎಚ್ಚರಿಸುವಷ್ಟು ಕಾಳಜಿ ಎಲ್ಲ ಪ್ರೋಗ್ರಾಂಗಳಿಗೂ ಇರುವುದಿಲ್ಲ.

ಎರಡು ಡಿಸ್ಟ್ರೋ ಬೇಕೇಬೇಕೆಂದರೆ ಹೋಮ್ ಬೇರೆ ಬೇರೆ ಇರಲಿ. ದಾಖಲೆ, ಚಿತ್ರ, ಸಂಗೀತಗಳಿಗೆ ಮಾತ್ರ ಒಂದು ಪ್ರತ್ಯೇಕ ಡಿಸ್ಕ್ ಭಾಗ ಮಾಡಿ ಎರಡೂ ಕಡೆಯಿಂದ ಜೋಡಿಸಿಕೊಳ್ಳಿ. ಎರಡರಲ್ಲೂ ನಿಮ್ಮ ಬಳಕೆದಾರ ಸಂಖ್ಯೆ ಒಂದೇ ಆಗಿದೆಯೇ ನೋಡಿ. ಸಾಮಾನ್ಯವಾಗಿ ಮೊದಲ ಬಳಕೆದಾರರಿಗೆ 1000 ಸಿಗುತ್ತದೆ. ಕಡತ ಯಾರದ್ದು ಎಂದು ಲಿನಕ್ಸ್ ನೋಡುವುದು ಹೆಸರಿನಿಂದಲ್ಲ, ಆ ಸಂಖ್ಯೆಯಿಂದ.

ಒಂದು ಅಪ್ಲಿಕೇಶನ್ ನಿಮ್ಮ ಡಿಸ್ಟ್ರೋದಲ್ಲಿ ಇಲ್ಲ, ಬೇರೆಯದರಲ್ಲಿದೆ ಎಂಬುದಷ್ಟೇ ಕಾರಣವಾಗಿದ್ದರೆ ಡಿಸ್ಟ್ರೋಬಾಕ್ಸ್ ನೋಡಿ. ಇನ್ನೊಂದು ಡಿಸ್ಟ್ರೋವನ್ನು ಕಂಟೇನರಿನಲ್ಲಿ (ನಿಮ್ಮ ಸಿಸ್ಟಮ್ ಒಳಗೇ ಬೇರ್ಪಡಿಸಿದ ಜಾಗದಲ್ಲಿ) ಓಡಿಸಿ, ಅದರೊಳಗಿನ ಅಪ್ಲಿಕೇಶನ್ನನ್ನು ನಿಮ್ಮ ಮೆನುವಿಗೆ ತಂದು ಕೂರಿಸುತ್ತದೆ. ಹೊಸ ಡೆಸ್ಕ್‌ಟಾಪ್ ಹೇಗಿದೆಯೆಂದು ಒಂದು ದಿನ ನೋಡುವ ಕುತೂಹಲ ಮಾತ್ರ ಇದ್ದರೆ ವರ್ಚುವಲ್ ಯಂತ್ರ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಾಲ್ಪನಿಕ ಕಂಪ್ಯೂಟರ್) ಸಾಕು.

ಹಾಕುವಾಗ, ತೆಗೆಯುವಾಗ

ಮೊದಲ ಅಥವಾ ಎರಡನೇ ದಾರಿ ಹಿಡಿದವರು ಎರಡನೇ ಡೆಸ್ಕ್‌ಟಾಪಿನ ಚಿಕ್ಕ ಪ್ಯಾಕೇಜನ್ನೇ ಆರಿಸಿ. ಡೆಬಿಯನ್‌ನಲ್ಲಿ ಪ್ಲಾಸ್ಮಾಗೆ ಮೂರು ಗಾತ್ರಗಳಿವೆ: ಬರೀ ಡೆಸ್ಕ್‌ಟಾಪ್ ಇರುವ ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್, ನಡುವಿನ ಕೆಡಿಇ ಸ್ಟ್ಯಾಂಡರ್ಡ್, ಎಲ್ಲವನ್ನೂ ತರುವ ಕೆಡಿಇ ಫುಲ್. ದೊಡ್ಡದನ್ನು ಹಾಕಿದರೆ ಪಠ್ಯ ಸಂಪಾದಕ, ಚಿತ್ರ ವೀಕ್ಷಕ, ಟರ್ಮಿನಲ್ ಎಲ್ಲವೂ ಮೆನುವಿನಲ್ಲಿ ಜೋಡಿಯಾಗಿ ನಿಲ್ಲುತ್ತವೆ. ಚಿಕ್ಕದರಿಂದ ಶುರುಮಾಡಿ, ಬೇಕಾದ್ದನ್ನು ಒಂದೊಂದಾಗಿ ಸೇರಿಸಿಕೊಳ್ಳುವುದು ಹಿತ. ಇನ್‌ಸ್ಟಾಲ್ ನಡುವೆ ಲಾಗಿನ್ ಪರದೆಯಾಗಿ ಜಿಡಿಎಂ ಇರಲೋ ಎಸ್‌ಡಿಡಿಎಂ ಇರಲೋ ಎಂದು ಕೇಳಬಹುದು. ಎರಡರಲ್ಲಿ ಯಾವುದರಿಂದಲೂ ಎರಡೂ ಡೆಸ್ಕ್‌ಟಾಪಿಗೆ ಹೋಗಬಹುದು, ಹಾಗಾಗಿ ಈಗ ಇರುವುದನ್ನೇ ಉಳಿಸಿಕೊಳ್ಳಿ.

ತೆಗೆಯುವ ದಿನ ಬಂದರೆ ಎರಡು ದಾರಿಗಳ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೇರೆ ಖಾತೆ ಇದ್ದವರು ಸಾಮಾನ್ಯ ಫೋಲ್ಡರಿಗೆ ಬೇಕಾದ ಕಡತಗಳನ್ನು ಕಾಪಿ ಮಾಡಿ, ಖಾತೆಯನ್ನು ಅದರ ಹೋಮ್ ಫೋಲ್ಡರಿನ ಸಮೇತ ಅಳಿಸಿದರೆ ಸೆಟ್ಟಿಂಗ್‌ಗಳ ಕುರುಹೂ ಉಳಿಯುವುದಿಲ್ಲ. ಒಂದೇ ಖಾತೆಯಲ್ಲಿ ಇದ್ದವರಿಗೆ ಪ್ಲಾಸ್ಮಾ ಹೋದ ಮೇಲೂ ಅದು ಬರೆದಿಟ್ಟ ಜಿಟಿಕೆ ಸೆಟ್ಟಿಂಗ್‌ಗಳು ಹೋಮ್‌ನ ಅಡಗಿದ ಫೋಲ್ಡರಿನಲ್ಲಿ ಹಾಗೇ ಇರುತ್ತವೆ. ಗ್ನೋಮ್‌ನ ಅಪ್ಲಿಕೇಶನ್‌ಗಳಿಗೆ ವಿಚಿತ್ರ ಬಣ್ಣ ಅಂಟಿಕೊಂಡಿದ್ದರೆ ಡಾಟ್ ಕಾನ್ಫಿಗ್ ಒಳಗಿನ ಜಿಟಿಕೆ 3.0 ಮತ್ತು 4.0 ಫೋಲ್ಡರ್‌ಗಳನ್ನು ಬೇರೆಡೆಗೆ ಸರಿಸಿ ಒಮ್ಮೆ ಲಾಗಿನ್ ಆಗಿ ನೋಡಿ.

ಪ್ಯಾಕೇಜ್ ತೆಗೆಯುವಾಗ ಅವಸರ ಬೇಡ. ಹಲವನ್ನು ಒಟ್ಟಿಗೆ ತಂದ ಗುಂಪು ಪ್ಯಾಕೇಜನ್ನು ತೆಗೆದು, ಇನ್ನು ಬೇಡವೆಂದು ಕಂಡ ಪ್ಯಾಕೇಜ್‌ಗಳನ್ನು ತೆಗೆಯುವ ಆಟೋರಿಮೂವ್ ಕಮಾಂಡ್ ಕೊಟ್ಟರೆ ನಿಮಗೆ ಬೇಕಾದ ಅಪ್ಲಿಕೇಶನ್ನೂ ಜೊತೆಗೆ ಹೊರಟುಹೋಗಬಹುದು. ಒಪ್ಪಿಗೆ ಒತ್ತುವ ಮೊದಲು ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಡಿಎನ್‌ಎಫ್ ಎಂಬ ಪ್ಯಾಕೇಜ್ ಮ್ಯಾನೇಜರ್ ಬಳಸುವ ಫೆಡೋರಾದಂಥ ಡಿಸ್ಟ್ರೋಗಳಲ್ಲಿ ಪ್ರತಿ ಇನ್‌ಸ್ಟಾಲ್‌ಗೂ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆ ಕೊಟ್ಟು ಅಷ್ಟನ್ನೇ ಹಿಂದಕ್ಕೆ ತಿರುಗಿಸಬಹುದು. ಡೆಬಿಯನ್, ಉಬುಂಟುಗಳಲ್ಲಿ ಅವುಗಳ ಪ್ಯಾಕೇಜ್ ಮ್ಯಾನೇಜರ್ ಏಪಿಟಿಯ ಇತಿಹಾಸ ಲಾಗ್‌ನಲ್ಲಿ ಆ ದಿನ ಏನೇನು ಬಂತು ಎಂಬ ಪೂರ್ತಿ ಪಟ್ಟಿ ಇರುತ್ತದೆ. ಕೆಲವು ತಿಂಗಳಾದ ಮೇಲೆ ಹಳೆಯ ಲಾಗ್‌ಗಳು ಅಳಿಸಿಹೋಗುವುದರಿಂದ, ಎರಡನೇ ಡೆಸ್ಕ್‌ಟಾಪ್ ಹಾಕಿದ ದಿನವೇ ಆ ಪಟ್ಟಿಯನ್ನು ನಿಮ್ಮ ದಾಖಲೆಗಳ ನಡುವೆ ಕಾಪಿ ಮಾಡಿ ಇಟ್ಟುಕೊಳ್ಳಿ.